ಕಲ್ಲಿನ ಕುಲ ಕೇಳಿದವರು

ಸಾಹೇಬರ ಶ್ರದ್ಧಾಂಜಲಿ ಸಭೆಗೆ ಚಿತ್ರದುರ್ಗದ ನಾಲ್ಕು ಜನ ಡಾಕ್ಟರು ಬಂದಿದ್ದರು. ಬದುಕಿದ್ದಾಗ ಅವರ ಮಾತನ್ನು ಕಿವಿಗೆ ಹಾಕಿಕೊಳ್ಳದವರೆಲ್ಲ ಒಂದೇ ಸಾಲಿನಲ್ಲಿ ಕೂತಿದ್ದನ್ನು ನೋಡಿ ನನಗೆ ಒಳಗೊಳಗೇ ನಗು ಬಂತು. ಮೊದಲು ಮಾತಾಡಿದವರು 'ಅವರು ನಮ್ಮೆಲ್ಲರ ಕಣ್ಣಾಗಿದ್ದರು' ಎಂದರು. ಆ ಕಣ್ಣು ಬರೆದು ಕಳಿಸಿದ ವರದಿಯೊಂದನ್ನು ಈ ಮಹನೀಯರು ನಾಲ್ಕು ಮಡಿಕೆ ಮಾಡಿ ಅಲುಗಾಡುವ ಮೇಜಿನ ಕಾಲಿಗೆ ಕೊಟ್ಟಿದ್ದನ್ನು ನಾನೇ ನೋಡಿದ್ದೇನೆ. ಎರಡನೆಯವರು 'ನಮ್ಮ ಕೋಟೆಯ ಬಂಡೆಯಂಥ ಮನುಷ್ಯ' ಎಂದರು. ಸಾಹೇಬರು ಇದ್ದದ್ದು ಐದಡಿ, ಜೋರು ಗಾಳಿ ಬೀಸಿದರೆ ಕಂಬ ಹಿಡಿದುಕೊಳ್ಳಬೇಕಾದ ಮೈ. ಸಭೆಯಲ್ಲಿದ್ದಿದ್ದರೆ ಎದ್ದು ನಿಂತು 'ಬಂಡೆ ಅಂದ್ರಲ್ಲ, ಯಾವ ಬಂಡೆ, ಅದರಾಗೆ ಏನೇನೈತೆ, ಅದನ್ನ ಹೇಳ್ರಿ' ಎಂದು ಕೇಳಿಯೇ ಬಿಡುತ್ತಿದ್ದರು. ಸಭೆ ಮುಗಿದ ಮೇಲೆ ಚಹಾ ಕೊಟ್ಟರು. ಮೂರನೆಯ ಡಾಕ್ಟರು ಚಹಾ ಹೀರುತ್ತ ಪಕ್ಕದವರಿಗೆ ಕಿಡ್ನಿಯ ಕಲ್ಲು ಕರಗಿಸುವ ಬಾಳೆದಿಂಡಿನ ರಸದ ಮಹಿಮೆ ವಿವರಿಸುತ್ತಿದ್ದರು. ಯಾರೂ ಎದುರಾಡಲಿಲ್ಲ. ಸಾಹೇಬರು ಸತ್ತದ್ದು ನಿಜ ಎಂದು ನನಗೆ ಖಾತ್ರಿಯಾದದ್ದು ಆಗಲೇ.

ಅವರು ಡಾಕ್ಟರಲ್ಲ. ಒಂದು ಖಾಸಗಿ ಲ್ಯಾಬಿನಲ್ಲಿ ಮೂತ್ರ ಪರೀಕ್ಷೆ ಮಾಡುತ್ತಿದ್ದ ಟೆಕ್ನೀಷಿಯನ್. ಮದಕರಿಪುರದಿಂದ ದಿನಾ ಒಂದು ಹಳೆಯ ಮೊಪೆಡ್ ಮೇಲೆ ಬರುತ್ತಿದ್ದರು. ಹಿಂದಿನಿಂದ ಊರಿನವರು 'ಕಲ್ಲುಸಾಬರು' ಎನ್ನುತ್ತಿದ್ದರು, ಎದುರಿಗೆ ಬಂದರೆ ಸಾಹೇಬರೇ ಎನ್ನುತ್ತಿದ್ದರು. ತಾತನ ಕಾಲದವರೆಗೆ ಅವರದು ಉಂಗುರಕ್ಕೆ ಹರಳು ಕೂರಿಸುವ ಮನೆತನ. ಕಸುಬು ಹೋಯಿತು, ಒಂದು ಕಣ್ಣು ಮುಚ್ಚಿ ನೋಡುವ ಚಾಳಿ ಮಾತ್ರ ಉಳಿಯಿತು. ಮೈಕ್ರೋಸ್ಕೋಪಿನ ಮುಂದೆ ಎಡಗಣ್ಣು ಮುಚ್ಚುವವರು ಮನುಷ್ಯರ ಮುಂದೆಯೂ ಮುಚ್ಚುತ್ತಿದ್ದರು. ಹೊಸಬರು ತಮಗೆ ಕಣ್ಣು ಹೊಡೆದರೆಂದು ತಿಳಿದು ಜಗಳಕ್ಕೆ ನಿಂತದ್ದೂ ಉಂಟು.

ಊಟ ಆಯಿತೇ, ಮಳೆ ಬಂತೇ ಎಂಬ ಲೋಕಾರೂಢಿಯ ಮಾತುಗಳು ಅವರಿಗೆ ಬರುತ್ತಿರಲಿಲ್ಲ. ಮದುವೆಮನೆಯ ಪಂಕ್ತಿಯಲ್ಲಿರಲಿ, ಸಂತೆಯಲ್ಲಿರಲಿ, ಗುರುತಿನವರು ಕಂಡರೆ 'ಏನ್ರಿ, ನೀರು ಸರಿಯಾಗಿ ಕುಡೀತಿದೀರಾ? ಬಣ್ಣ ಹೆಂಗೈತೆ?' ಎಂದು ನಾಲ್ಕು ಜನಕ್ಕೆ ಕೇಳುವ ಹಾಗೆ ವಿಚಾರಿಸುತ್ತಿದ್ದರು. ಒಮ್ಮೆ ಹೊಳಲ್ಕೆರೆ ಬಸ್ಸಿನಲ್ಲಿ ಇಸ್ತ್ರಿ ಅಂಗಿಯ ಅಧಿಕಾರಿಯೊಬ್ಬರನ್ನು ಹೀಗೆ ಕೇಳಿದಾಗ ಆತ ಮುಂದಿನ ಸ್ಟಾಪಿನಲ್ಲೇ ಇಳಿದುಹೋದರಂತೆ. 'ಹಳದಿ ಇರಬೇಕು, ಅದಕ್ಕೇ ಇಳಿದ್ರು' ಎಂದು ಸಾಹೇಬರು ತೀರ್ಪು ಕೊಟ್ಟರು.

ನಮ್ಮ ಜಿಲ್ಲೆಯಲ್ಲಿ ಕಲ್ಲಿಗೆ ಬರವಿಲ್ಲ. ಬೆಟ್ಟದ ಮೇಲೂ ಇದೆ, ಹೊಟ್ಟೆಯೊಳಗೂ ಇದೆ. ಕಲ್ಲಿಗಿಂತ ಹೆಚ್ಚಾಗಿರುವವರು ಕಲ್ಲಿನ ಪಂಡಿತರು. ಸೊಂಟ ಹಿಡಿದುಕೊಂಡು ಬೀದಿಗೆ ಬಂದರೆ ಸಾಕು, ಕ್ಷೌರದಂಗಡಿಯವನು ಹುರುಳಿ ಕಟ್ಟು ಕುಡಿ ಎನ್ನುತ್ತಾನೆ, ಕಂಡಕ್ಟರು ಕಾಡುಬಸಳೆ ಎಲೆ ಅಗಿ ಎನ್ನುತ್ತಾನೆ, ಪಕ್ಕದ ಮನೆಯಾಕೆ ಟೊಮೆಟೊ ಬೀಜದ ಮೇಲೆ ಕೊಲೆ ಆರೋಪವನ್ನೇ ಹೊರಿಸುತ್ತಾಳೆ. ಯಾವುದಕ್ಕೂ ಒಪ್ಪದವರು ಬೋರ್‌ವೆಲ್ ನೀರನ್ನು ಬೈದು ಸುಮ್ಮನಾಗುತ್ತಾರೆ. ಸಾಹೇಬರು ಇವರೆಲ್ಲರ ಮೇಲೂ ಕೆಂಡ ಕಾರುತ್ತಿದ್ದರು.

'ಕಲ್ಲು ಅಂದ್ರೆ ಎಲ್ಲಾ ಒಂದೇ ಏನ್ರಿ? ಅದಕ್ಕೂ ಕುಲ ಐತೆ, ಗೋತ್ರ ಐತೆ. ಹೆಣ್ಣು ತರೋಕೆ ಏಳು ತಲೆಮಾರು ಕೇಳ್ತೀರಿ. ಹೊಟ್ಟೆಯಾಗಿಂದ ಬಿದ್ದ ಕಲ್ಲಿಗೆ ನೀನ್ಯಾರು, ಎಲ್ಲಿಂದ ಬಂದೆ ಅಂತ ಒಂದು ಮಾತು ಕೇಳಲ್ಲ.'

ಅವರು ಮಾತ್ರ ಕೇಳುತ್ತಿದ್ದರು. ಕಲ್ಲುನೋವಿನವರಿಗೆಲ್ಲ ಚಹಾ ಸೋಸುವ ಜರಡಿಯಲ್ಲಿ ಮೂತ್ರ ಸೋಸಿ, ಬಿದ್ದ ಕಲ್ಲನ್ನು ತಂದು ಕೊಡಲು ಹೇಳುತ್ತಿದ್ದರು. ಆ ಜರಡಿಯನ್ನು ತೊಳೆದು ಮತ್ತೆ ಅಡುಗೆಮನೆಗೆ ಇಟ್ಟವರಿದ್ದಾರೆಂಬ ಸುದ್ದಿ ಹಬ್ಬಿ, ಒಂದಷ್ಟು ದಿನ ಅವರಿಗೆ ಯಾರ ಮನೆಯಲ್ಲೂ ಚಹಾ ಕುಡಿಯುವ ಧೈರ್ಯವಿರಲಿಲ್ಲ.

ಅವರ ಮೇಜಿನ ಖಾನೆಯಲ್ಲಿ ಬೆಂಕಿಪೊಟ್ಟಣಗಳ ಸಾಲು. ಕ್ಯಾಲ್ಸಿಯಂ ಕಲ್ಲುಗಳಿಗೆ ಅಲ್ಲಿ ಜಾಗವಿರಲಿಲ್ಲ. 'ಅವು ಬಸ್‌ಸ್ಟ್ಯಾಂಡಿನ ಜನ, ಎಲ್ಲೆಲ್ಲೂ ಸಿಗ್ತವೆ' ಎಂದು ಎಸೆದುಬಿಡುತ್ತಿದ್ದರು. ಮೊದಲ ಪೊಟ್ಟಣದಲ್ಲಿ ಜಿಂಕೆಯ ಕೊಂಬಿನ ಹಾಗೆ ಕವಲೊಡೆದ ಕಲ್ಲಿನ ಚೂರು. ಮೂತ್ರದಲ್ಲಿ ಸೋಂಕು ವರ್ಷಗಟ್ಟಲೆ ನಿಂತರೆ ಆ ಕಲ್ಲು ಕಿಡ್ನಿಯ ತುಂಬ ಬೆಳೆಯುತ್ತದಂತೆ. ಎರಡನೆಯದರಲ್ಲಿ ಅವರ ನೆಂಟ ಬಟ್ಟೆ ವ್ಯಾಪಾರಿಯೊಬ್ಬನ ಇಟ್ಟಿಗೆ ಬಣ್ಣದ ಕಲ್ಲು. ಮೂತ್ರ ಹುಳಿಯಾಗಿ ಹುಟ್ಟುವ ಜಾತಿ, ಎಕ್ಸ್‌ರೇಗೆ ಕಾಣುವುದಿಲ್ಲ. 'ಎಕ್ಸ್‌ರೇಯಾಗೆ ಇಲ್ಲ ಅಂದ್ಮೇಲೆ ಕಲ್ಲೇ ಇಲ್ಲ ಅಂದ್ರು. ವಾಯು ಅಂತ ಮೂರು ವರ್ಷ ಇಂಗು ತಿಂದ ಪಾಪ!' ಇನ್ನೊಂದರಲ್ಲಿ ಯಾವುದೋ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ವರ್ಷಾನುಗಟ್ಟಲೆ ನುಂಗಿದವನ ಕಲ್ಲು, ಪರೀಕ್ಷೆ ಮಾಡಿಸಿದರೆ ಕಲ್ಲೆಲ್ಲ ಆ ಮಾತ್ರೆಯೇ. ಕೊನೆಯದರಲ್ಲಿ ಮುಟ್ಟಿದರೆ ಉದುರುವ ಕಂದು ಪುಡಿ. ಹುಟ್ಟುವಾಗಲೇ ದೇಹದಲ್ಲಿ ಒಂದು ಕಿಣ್ವ ಇಲ್ಲದವರಿಗೆ ಬರುವ ಕಲ್ಲು ಅದು, ಇಡೀ ನೌಕರಿಯಲ್ಲಿ ಅವರಿಗೆ ಸಿಕ್ಕಿದ್ದು ಒಂದೇ. 'ಇದರ ಹೆಸರು ಹೇಳೋಕೆ ಮೊದ್ಲು ಒಂದು ಲೋಟ ನೀರು ಕುಡೀಬೇಕು' ಎಂದು ಹೆಮ್ಮೆಯಿಂದ ತೋರಿಸುತ್ತಿದ್ದರು.

ಕಲ್ಲು ತಂದವರಲ್ಲಿ ಪ್ರಾಮಾಣಿಕರೇ ಇದ್ದರೆಂದಲ್ಲ. ಯಾವುದೋ ಕಚೇರಿಯ ಗುಮಾಸ್ತನೊಬ್ಬ ಹದಿನೈದು ದಿನದ ರಜೆಗೆ ಆಧಾರವಾಗಿ ಕಡಲೆಕಾಯಿ ಗಾತ್ರದ ಕಲ್ಲು ತಂದಿದ್ದ. ಸಾಹೇಬರು ಅದನ್ನು ನೋಡಿ, ಮೂಸಿ, ಮೇಜಿಗೆ ಕುಟ್ಟಿ ನೋಡಿದರು.

'ಲೇ, ಇದು ಗ್ರಾನೈಟು. ಕಿಡ್ನಿಯಾಗೆ ಕ್ವಾರಿ ಲೈಸೆನ್ಸ್ ಯಾವಾಗ ತಗಂಡೆ?'

ಇಷ್ಟೆಲ್ಲ ನಗುತ್ತ ಹೇಳುತ್ತಿರುವ ನನ್ನದೇನೂ ದೊಡ್ಡ ಸಾಚಾತನವಲ್ಲ. ನಾನು ಹಿರಿಯೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು, ಮನೆ ಆದಿವಾಲದಲ್ಲಿ. ಹದಿನಾರನೇ ವಯಸ್ಸಿಗೆ ನನಗೆ ಮೊದಲ ಕಲ್ಲು ಬಿತ್ತು. ಆಮೇಲೆ ವರ್ಷಕ್ಕೊಂದು ಎರಡರಂತೆ ತಪ್ಪದೆ ಬೀಳುತ್ತಿತ್ತು. ನಮ್ಮ ಮನೆಯಲ್ಲೊಂದು ಪದ್ಧತಿ. ಮೈಯಿಂದ ಹೋದ ಪೀಡೆ ಮತ್ತೆ ಬರಬಾರದೆಂದು ಅಮ್ಮ ಪ್ರತಿ ಕಲ್ಲನ್ನೂ ವೀಳ್ಯದೆಲೆಯಲ್ಲಿ ಸುತ್ತಿ, ಮಾರಿಕಣಿವೆ ಡ್ಯಾಮಿಗೆ ಹೋಗಿ, ಕೈಮುಗಿದು ನೀರಿಗೆ ಬಿಡುತ್ತಿದ್ದಳು. ಪೀಡೆಗೆ ದಾರಿ ಚೆನ್ನಾಗಿ ಗೊತ್ತಿತ್ತು, ಪ್ರತಿ ಸಲವೂ ನಮಗಿಂತ ಮುಂಚೆ ಮನೆಗೆ ಬರುತ್ತಿತ್ತು. ಎಷ್ಟೋ ವರ್ಷ ತುಂಬದ ಡ್ಯಾಮು ಒಂದು ವರ್ಷ ತುಂಬಿ ಕೋಡಿ ಬಿದ್ದಾಗ ನನ್ನ ಭಾವ 'ನಿನ್ನ ಕಲ್ಲು ಹಾಕಿ ಹಾಕಿನೇ ನೀರು ಮೇಲಕ್ಕೆ ಬಂದಿದ್ದು ಕಣಪ್ಪ' ಎಂದು ಊರೆಲ್ಲ ಹೇಳಿಕೊಂಡು ತಿರುಗಿದ.

ಹೊಸದುರ್ಗದ ಕಡೆಯ ಒಂದು ಹಳ್ಳಿಯಲ್ಲಿ ಹೊಟ್ಟೆಗೆ ಬಾಯಿಟ್ಟು ಕಲ್ಲು ಹೀರಿ ತೆಗೆಯುವವನೊಬ್ಬನಿದ್ದ. ವಿಜ್ಞಾನದ ಮೇಷ್ಟ್ರು ಅಲ್ಲಿಗೂ ಹೋದರು. ಆತ ಹೀರಿ ಹೀರಿ ತಟ್ಟೆಗೆ ಮೂರು ಕಲ್ಲು ಉಗುಳಿದ. ಅಷ್ಟು ಹೊತ್ತಿಗೆ ನನಗೆ ಎರಡು ಆಪರೇಷನ್ ಆಗಿ, ಬಲಗಡೆಯ ಕಿಡ್ನಿ ಸುರುಟಿಕೊಂಡಿತ್ತು. ಆ ಮೂರು ಕಲ್ಲನ್ನು ಯಾರೋ ಹೇಳಿದರೆಂದು ಸಾಹೇಬರಿಗೆ ತೋರಿಸಿದೆ. ಅದೇ ನಮ್ಮ ಮೊದಲ ಭೇಟಿ.

'ಅಕ್ಕಿ ಆರಿಸುವಾಗ ಸಿಗೋ ಕಲ್ಲು ಇವು' ಎಂದರು. 'ಏನು ಕೆಲ್ಸ ಮಾಡ್ತೀರಿ?'

ಹೇಳಿದೆ. ಅವರು ಎಡಗಣ್ಣು ಮುಚ್ಚಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಇದಕ್ಕಿಂತ ಎರಡು ಏಟು ಹೊಡೆದಿದ್ದರೆ ವಾಸಿಯಿತ್ತು. ಹಿಂದಿನ ಕಲ್ಲುಗಳೆಲ್ಲಿ ಎಂದು ಕೇಳಿದರು. ಮಾರಿಕಣಿವೆಯಲ್ಲಿ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಪದ್ಧತಿಯನ್ನು ವಿವರಿಸಿದಾಗ ತಲೆ ಮೇಲೆ ಕೈ ಹೊತ್ತು ಕೂತರು.

'ಹದಿನೈದು ವರ್ಷದ ಸಾಕ್ಷಿನೆಲ್ಲಾ ಕೈಮುಗಿದು ನೀರಿಗೆ ಹಾಕಿದ್ರಲ್ರಿ!'

ಮರುದಿನ ಬೆಳಗಿನ ಮೊದಲ ಮೂತ್ರ ತರಹೇಳಿದರು. ತಂದುಕೊಟ್ಟೆ. ಅವರು ಅದನ್ನು ಯಂತ್ರದಲ್ಲಿ ತಿರುಗಿಸಿ, ತಳದಲ್ಲಿ ಕೂತಿದ್ದನ್ನು ಗಾಜಿನ ಮೇಲೆ ಹಚ್ಚಿ ನೋಡತೊಡಗಿದರು. ಆಮೇಲೆ ಎದ್ದು ನನಗೆ ತಮ್ಮ ಕುರ್ಚಿ ಬಿಟ್ಟುಕೊಟ್ಟರು. ಹೊಸ ಪೊಟ್ಟಣಕ್ಕೆ ಮಾಲು ಸಿಕ್ಕಿದ ಸಂತೋಷವೂ, ನನ್ನ ಮೇಲಿನ ಮರುಕವೂ ಒಟ್ಟಿಗೇ ಬಂದು, ಮುಖ ಯಾವ ಕಡೆ ತಿರುಗಬೇಕೆಂದು ತಿಳಿಯದೆ ನಿಂತಿತ್ತು. ನಾನು ಬಗ್ಗಿ ನೋಡಿದೆ. ಬೆಳಕಿನ ತಟ್ಟೆಯ ತುಂಬ ಬಣ್ಣವಿಲ್ಲದ ಚಪ್ಪಟೆ ಹರಳುಗಳು. ಒಂದೊಂದಕ್ಕೂ ಆರು ಮೂಲೆ, ಅಳತೆಪಟ್ಟಿ ಹಿಡಿದು ಗೆರೆ ಎಳೆದ ಹಾಗೆ.

'ಸಿಸ್ಟೀನ್' ಎಂದರು ಸಾಹೇಬರು. 'ಇದು ನೀರಿಂದ ಬರಲ್ಲ, ಟೊಮೆಟೊದಿಂದ ಬರಲ್ಲ. ಹುಟ್ಟುವಾಗಲೇ ತಗಂಡು ಬರೋದು. ಎಲ್ಲಾ ಕಿಡ್ನಿನೂ ಇದನ್ನ ವಾಪಸ್ ಒಳಕ್ಕೆ ಎಳ್ಕಂತವೆ. ನಿಮ್ಮದು ಎಳ್ಕಣಲ್ಲ, ಹಂಗೇ ಬಿಡ್ತೈತೆ. ಅಪ್ಪ ಅಮ್ಮ ಸಂಬಂಧದಾಗೇ ಆಗಿದ್ದೇನು?'

'ಹೂಂ. ಅಮ್ಮನಿಗೆ ಅಪ್ಪ ಸೋದರಮಾವ.'

ಅವರು ಹಳೆಯ ವರದಿಯೊಂದರ ಬೆನ್ನಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದರು. 'ಒಡಹುಟ್ಟಿದೋರು?'

'ಅಕ್ಕ ಒಬ್ಳು. ಅವಳನ್ನೂ ಸೋದರಮಾವನಿಗೇ ಕೊಟ್ಟೀವಿ, ಅಮ್ಮನ ತಮ್ಮನಿಗೆ.'

ಪೆನ್ಸಿಲು ಹಿಂದಕ್ಕೆ ಹೋಗಿ ಅಮ್ಮನ ಪಕ್ಕದಿಂದ ಅಕ್ಕನ ಕಡೆಗೆ ಬಂತು. 'ಮಕ್ಕಳು?'

'ಒಬ್ಳೇ ಮಗಳು. ಇಲ್ಲೇ ದುರ್ಗದಾಗೆ ಬಿ.ಎಡ್. ಓದ್ತಾಳೆ. ಅವಳನ್ನ... ನನಗೇ ಅಂತ ಮಾತಾಗೈತೆ. ಮುಂದಿನ ಭಾನುವಾರ ಹೂ ಮುಡಿಸೋದು.'

ಪೆನ್ಸಿಲು ಸುತ್ತು ಹಾಕಿ ನನ್ನ ಹೆಸರಿಗೇ ಬಂದು ನಿಂತಿತು. ಸಾಹೇಬರು ಕಾಗದವನ್ನು ನನ್ನ ಕಡೆ ತಿರುಗಿಸಿದರು.

'ಇದು ವಂಶವೃಕ್ಷ ಅಲ್ರಿ ಮೇಷ್ಟ್ರೇ, ಗಾಣ. ನಾಲ್ಕು ಜನ ಸುತ್ತಿದ್ದೇ ಸುತ್ತಿದ್ದು.' ಆಮೇಲೆ ನನಗೆ ನಾಚಿಕೆಯಾಗಬಾರದೆಂದೋ ಏನೋ ಸೇರಿಸಿದರು. 'ನಾವೇನು ಕಮ್ಮಿ ಇಲ್ಲ. ನನ್ನ ಹೆಂಡ್ತಿ ನನ್ನ ಚಿಕ್ಕಪ್ಪನ ಮಗಳೇ. ನಮ್ಮಿಬ್ರದೂ ನಾನೇ ನೋಡ್ದೆ, ಏನೂ ಸಿಗಲಿಲ್ಲ, ಅದೃಷ್ಟ. ಹತ್ತನೇ ಕ್ಲಾಸಿಗೆ ಬಟಾಣಿ ಗಿಡದ ಪಾಠ ಮಾಡ್ತೀರಲ್ಲ?'

'ವರ್ಷಾ ವರ್ಷಾ ಮಾಡ್ತೀನಿ.'

'ಈ ವರ್ಷ ನೀವೂ ಕುಂತ್ಕಂಡು ಕೇಳ್ರಿ.'

ಆಮೇಲೆ ನನಗೆ ಪಾಠ ಮಾಡಿದರು. ಮನುಷ್ಯ ಎರಡೆತ್ತಿನ ಗಾಡಿ, ಒಂದು ಎತ್ತು ಅಪ್ಪ ಕೊಟ್ಟದ್ದು, ಒಂದು ಅಮ್ಮ ಕೊಟ್ಟದ್ದು. ಒಂದು ಕುಂಟಾದರೂ ಇನ್ನೊಂದು ಎಳೆಯುತ್ತದೆ, ಯಾರಿಗೂ ತಿಳಿಯುವುದಿಲ್ಲ. ಒಂದೇ ಕೊಟ್ಟಿಗೆಯಿಂದ ಎತ್ತು ತರುತ್ತಾ ಹೋದರೆ ಒಂದಲ್ಲ ಒಂದು ದಿನ ಎರಡೂ ಕುಂಟು ಸಿಗುತ್ತವೆ. ನನಗೆ ಸಿಕ್ಕಿವೆ.

'ಆ ಹುಡುಗಿಗೆ ಒಂದು ಕುಂಟಿದ್ರೆ, ಹುಟ್ಟೋ ಪ್ರತಿ ಮಗುವಿಗೂ ಅರ್ಧಕ್ಕರ್ಧ ಭಯ. ಎರಡೂ ಕುಂಟಿದ್ರೆ ಎಲ್ಲಾ ಮಕ್ಕಳಿಗೂ ಇದೇ. ಅದಿರ್ಲಿ, ಅವಳಿಗೇ ಕಿಡ್ನಿ ಅಂತ ಎರಡು ಅವೆ, ಅದನ್ನ ಯಾರಾದ್ರೂ ಯೋಚ್ನೆ ಮಾಡೀರೇನು? ನೋವಿಲ್ಲ ಅಂದ್ರೆ ಕಲ್ಲಿಲ್ಲ ಅಂತಲ್ಲ. ಭಾನುವಾರದೊಳಗೆ ಅವಳದೊಂದು ಬಾಟ್ಲಿ ತನ್ರಿ.'

ತರುತ್ತೇನೆಂದು ಹೇಳಿ ಬಂದೆ. ಮನೆಗೆ ಬಂದರೆ ಅಮ್ಮ ಹೋಳಿಗೆಗೆ ಬೇಳೆ ಲೆಕ್ಕ ಹಾಕುತ್ತಿದ್ದಳು, ಅಕ್ಕ ಸೀರೆ ಆರಿಸುತ್ತಿದ್ದಳು. ಸೋಮವಾರ ಹೇಳೋಣ ಎಂದುಕೊಂಡೆ, ಆಮೇಲೆ ಬುಧವಾರ ಎಂದುಕೊಂಡೆ. ಶುಕ್ರವಾರದ ಹೊತ್ತಿಗೆ, ಈಗ ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರಲ್ಲ ಎಂಬ ಒಳ್ಳೆಯ ಕಾರಣವೊಂದು ಸಿಕ್ಕಿತು. ಹುಡುಗಿ ಚಿಕ್ಕಂದಿನಿಂದ ನನ್ನ ಸೈಕಲ್ಲಿನ ಮುಂದೆ ಕೂತು ಬೆಳೆದವಳು. ಅವಳಿಗೆ ಈ ಮದುವೆ ಇಷ್ಟವೋ ಇಲ್ಲವೋ ಎಂದು ನಾನು ಕೇಳಿರಲಿಲ್ಲ, ಬೇರೆ ಯಾರೂ ಕೇಳಿರಲಿಲ್ಲ.

ಭಾನುವಾರ ಅಕ್ಕನ ಮನೆಯ ಪಡಸಾಲೆಯಲ್ಲಿ ತಟ್ಟೆಗಳನ್ನು ಜೋಡಿಸಿ ಹುಡುಗಿಯನ್ನು ಕೂರಿಸಿದ್ದಾಗ, ಕೈಯಲ್ಲೊಂದು ಬ್ಯಾಗು ಹಿಡಿದು ಸಾಹೇಬರು ಬಾಗಿಲಿಗೆ ಬಂದರು. ಲ್ಯಾಬಿನ ಚೀಟಿಯಲ್ಲಿದ್ದ ನನ್ನ ವಿಳಾಸ ಹಿಡಿದು, ದುರ್ಗದಿಂದ ಎರಡು ಬಸ್ಸು ಬದಲಿಸಿ, ಕೇಳಿಕೊಂಡು ಬಂದಿದ್ದರು.

'ಬರ್ರಿ, ಕುಂತ್ಕಳ್ರಿ' ಎಂದಳು ಅಮ್ಮ. ಶಾಸ್ತ್ರಕ್ಕೆ ಬಂದವರು ಯಾರಾದರೂ ಅವಳಿಗೆ ನೆಂಟರೇ.

ಸಾಹೇಬರು ಕೂರಲಿಲ್ಲ. 'ತಾಯಿ, ಹುಡುಗ ಹುಡುಗಿಗೆ ಸಾಲಾವಳಿ ನೋಡ್ಸಿದ್ರಾ?'

'ಸ್ವಂತ ತಮ್ಮನಿಗೆ ಮಗಳು ಕೊಡೋಕೆ ಸಾಲಾವಳಿ ಯಾಕ್ರಿ? ರಕ್ತನೇ ಕೂಡೈತಲ್ಲ' ಎಂದು ಅಮ್ಮನ ಬದಲು ಅಕ್ಕನೇ ಉತ್ತರ ಕೊಟ್ಟಳು.

'ತೊಂದ್ರೆ ಆಗಿರೋದೇ ಅದು ತಾಯಿ' ಎಂದು ಅವರು ಬ್ಯಾಗಿನಿಂದ ಮುಚ್ಚಳವಿದ್ದ ಪ್ಲಾಸ್ಟಿಕ್ ಬಾಟಲಿಯೊಂದನ್ನು ತೆಗೆದು, ತೆಂಗಿನಕಾಯಿ ಬಳೆಗಳ ಪಕ್ಕದಲ್ಲಿ ಇಟ್ಟರು. 'ನಾಳೆ ಬೆಳಿಗ್ಗೆ ಹುಡುಗಿದು ಇದರಾಗೆ ಹಿಡಿದು ಕಳ್ಸ್ರಿ. ನೋಡಿ ಹೇಳ್ತೀನಿ. ಆಮೇಲೆ ಮದುವೆ ಮಾಡ್ರಿ, ಬಿಡ್ರಿ.'

ಪಡಸಾಲೆಯಲ್ಲಿ ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಭಾವ ಹುಲಿಯಾದ. 'ನಮ್ಮ ಮನೆ ಹೆಣ್ಣುಮಗಳ ಉಚ್ಚೆ ಕೇಳೋಕೆ ನೀನ್ಯಾವನಯ್ಯ? ಹೂ ತರೋ ಮನೆಗೆ ಇದನ್ನ ತರ್ತಾರೇನು?'

'ಹುಟ್ಟಿದ ಗಳಿಗೆ ಕೇಳಿದ್ರೆ ಬರ್ಕೊಡ್ತಿದ್ರಿ. ಒಂದು ಬಾಟ್ಲಿ ಉಚ್ಚೆ ಕೊಡೋಕೆ ಮಾನ ಹೋಗ್ತೈತಾ?'

ಭಾವ ನನ್ನ ಕಡೆ ತಿರುಗಿದ. 'ಏನಪ್ಪ, ಇವರನ್ನ ನೀನೇ ಕರೆಸಿದ್ಯಾ? ಯಾರಿವರು?'

ಸಾಹೇಬರು ನನ್ನನ್ನು ನೋಡಿದರು. ಅಕ್ಕ ನೋಡಿದಳು. ತಲೆ ತಗ್ಗಿಸಿ ಕೂತಿದ್ದ ಹುಡುಗಿಯೂ ಕತ್ತೆತ್ತಿ ನೋಡಿದಳು.

'ಇಲ್ಲ... ಲ್ಯಾಬಿನೋರು. ಮುಖಪರಿಚಯ, ಅಷ್ಟೇ' ಎಂದೆ.

ಆ ಮಾತು ನನ್ನ ಬಾಯಿಂದ ಬಂದದ್ದನ್ನು ನೆನೆದರೆ ಇವತ್ತಿಗೂ ಮೈ ಹಿಡಿಯಾಗುತ್ತದೆ. ಕಲ್ಲು ಇಳಿಯುವ ನೋವನ್ನು ಬೇಕಾದರೆ ಮತ್ತೆ ಪಡುತ್ತೇನೆ, ಅದನ್ನಲ್ಲ. ಸಾಹೇಬರು ನನ್ನನ್ನು ಬಯ್ಯಲಿಲ್ಲ, ಸುಳ್ಳೆಂದೂ ಹೇಳಲಿಲ್ಲ. ಒಂದು ಚೊಂಬು ನೀರು ಕೇಳಿ ಕುಡಿದು ಹೊರಟರು. ಅಮ್ಮ ಮಾತ್ರ, ಮನೆಗೆ ಬಂದವರನ್ನು ಬರಿಗೈಲಿ ಕಳಿಸುವುದು ಗೊತ್ತಿಲ್ಲದವಳು, ಬೈದುಕೊಂಡೇ ಓಡಿಹೋಗಿ ನಾಲ್ಕು ಹೋಳಿಗೆ ಕಟ್ಟಿಕೊಟ್ಟಳು. ಅವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು 'ಸಾರಿಗೆ ಉಪ್ಪು ಕಮ್ಮಿ ಹಾಕ್ರಿ ತಾಯಿ, ಮಗನಿಗೆ ಆಗಲ್ಲ' ಎಂದರು. ಹೂ ಮುಡಿಸುವ ಶಾಸ್ತ್ರ ಮುಂದುವರಿಯಿತು. ತಟ್ಟೆಗಳನ್ನು ಎತ್ತಿಡುವಾಗ ಬಾಟಲಿ ಕಾಣಲಿಲ್ಲ. ಯಾರೋ ಎಸೆದಿರಬೇಕೆಂದು ಎಲ್ಲರೂ ತಿಳಿದೆವು.

ಮಂಗಳವಾರ ಮಧ್ಯಾಹ್ನ ಸಾಹೇಬರ ಫೋನು ಬಂತು. 'ರಜೆ ಹಾಕಿ ಬರ್ರಿ' ಎಂದಷ್ಟೇ ಹೇಳಿದರು. ಹೋದರೆ ಲ್ಯಾಬಿನ ಒಳಗೆ, ಮೈಕ್ರೋಸ್ಕೋಪಿನ ಮುಂದಿನ ಕುರ್ಚಿಯಲ್ಲಿ ಹುಡುಗಿ ಕೂತಿದ್ದಳು. ಕಾಲೇಜಿನ ಬ್ಯಾಗು ಕಾಲ ಬಳಿ ಇತ್ತು. ಬಾಟಲಿಯನ್ನು ಭಾನುವಾರವೇ ಅದರೊಳಗೆ ಹಾಕಿಕೊಂಡಿದ್ದಳಂತೆ. ನನ್ನನ್ನು ಒಮ್ಮೆ ನೋಡಿ, ಮತ್ತೆ ಬಗ್ಗಿ ನೋಡತೊಡಗಿದಳು.

'ಜೇನುಹುಟ್ಟಿನ ಮನೆ ಇದ್ದಂಗವೆ' ಎಂದಳು. 'ಇವು ನನ್ನವಾ, ಮಾವನವಾ?'

'ಇದು ನಿನ್ನದು ಮಗಳೇ' ಎಂದರು ಸಾಹೇಬರು. ಪಕ್ಕದಲ್ಲಿದ್ದ ನನ್ನ ಗಾಜನ್ನು ಇಟ್ಟು ತೋರಿಸಿದರು. 'ಇದು ಅವರದು. ಚೀಟಿ ಕಿತ್ತುಬಿಟ್ರೆ ಯಾವುದು ಯಾರದು ಅಂತ ನನಗೂ ಗೊತ್ತಾಗಲ್ಲ.'

ಅವಳು ಎರಡನ್ನೂ ಮತ್ತೊಮ್ಮೆ ನೋಡಿದಳು. ಮುಂದೇನು ಎಂದು ಕೇಳಿದಳು. ಸಾಹೇಬರು ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ದಾವಣಗೆರೆಗೆ ಹೋಗಿ ಕಿಡ್ನಿ ಡಾಕ್ಟರಿಗೆ ತೋರಿಸಬೇಕು, ಸ್ಕ್ಯಾನ್ ಮಾಡಿಸಬೇಕು, ಅವರು ಹೇಳಿದ ಔಷಧಿ ತಪ್ಪಿಸಬಾರದು, ಮಲಗುವಾಗ ನೀರು ಕುಡಿದು, ನಡುರಾತ್ರಿ ಎದ್ದು ಕುಡಿದು, ದಿನವಿಡೀ ನೀರಿನ ಬಾಟಲಿ ಕೈಬಿಡಬಾರದು ಎಂದರು. 'ಬೇಗ ಸಿಕ್ಕೀಯ ತಾಯಿ. ನಿನ್ನ ಎರಡೂ ಕಿಡ್ನಿ ಉಳಿಸ್ಕಣಾಣ. ಮದುವೆನೂ ಆಗು, ಮಕ್ಕಳೂ ಆಗ್ಲಿ, ಯಾರು ಬ್ಯಾಡ ಅಂತಾರೆ? ಆದ್ರೆ ಬೇರೆ ಕೊಟ್ಟಿಗೆ ನೋಡು.' ವರದಿ ಬರೆದು ಮಡಿಚಿ ಅವಳ ಕೈಗೇ ಕೊಟ್ಟರು. ನಾನು ತೆಗೆದುಕೊಳ್ಳಲು ಕೈ ಚಾಚಿದ್ದೆ, ಅದನ್ನು ಅವರು ಕಾಣದವರಂತೆ ಬಿಟ್ಟರು.

ಹುಡುಗಿ ವರದಿಯನ್ನು ಬ್ಯಾಗಿಗೆ ಹಾಕಿಕೊಂಡು ಎದ್ದಳು.

'ಮಾವ, ಇದೆಲ್ಲಾ ನಿನಗೆ ಹೂ ಮುಡಿಸೋಕೆ ಮುಂಚೆನೇ ಗೊತ್ತಿತ್ತಾ?'

ನಾನು ಬಾಯಿ ತೆರೆಯುವ ಮೊದಲೇ ಸಾಹೇಬರು ನಡುವೆ ಬಂದರು. 'ಇಲ್ಲಮ್ಮ. ಅವರಿಗೆ ನಾನೇ ಸರಿಯಾಗಿ ಹೇಳಿರಲಿಲ್ಲ. ತಪ್ಪು ನನ್ನದು.'

ಗ್ರಾನೈಟಿಗೆ ಗ್ರಾನೈಟು ಎಂದೇ ಹೇಳಿ ಅರ್ಧ ಊರಿನ ದ್ವೇಷ ಕಟ್ಟಿಕೊಂಡ ಮನುಷ್ಯ, ಎರಡು ದಿನದ ಹಿಂದೆ ತನ್ನದು ಬರೀ ಮುಖಪರಿಚಯ ಎಂದ ನನಗಾಗಿ, ನಾನು ನೋಡುತ್ತಿರುವಂತೆಯೇ ಸುಳ್ಳು ಹೇಳಿದರು. ಹೇಳಲು ಬರದೆ ಕಿವಿಯವರೆಗೂ ಕೆಂಪಗಾದರು. ನಾನು ಆಗಲೂ 'ಗೊತ್ತಿತ್ತು' ಎನ್ನಲಿಲ್ಲ.

ಹುಡುಗಿ ಅವರನ್ನು ನೋಡಿದಳು, ಆಮೇಲೆ ನನ್ನನ್ನು. ಬಗ್ಗಿ ಸಾಹೇಬರ ಕಾಲು ಮುಟ್ಟಿ ನಮಸ್ಕಾರ ಮಾಡಿದಳು.

'ಅಜ್ಜಿಗೆ ನಾನೇ ಹೇಳ್ತೀನಿ' ಎಂದಳು. 'ನೀನು ಜೊತೆಗೆ ಬರಬ್ಯಾಡ ಮಾವ. ಬಂದ್ರೆ ಅಲ್ಲೂ ಹಿಂಗೇ ಸುಮ್ನೆ ನಿಂತ್ಕಂತೀಯ. ಅದನ್ನ ಇನ್ನೊಂದ್ಸಲ ನೋಡೋಕೆ ನನಗಾಗಲ್ಲ.'